ಇಳಿಸೋ ಕಲ್ಲಿನ ರಸ್ತೆ

ಅತ್ತೆ,

ಪಕ್ಕದ ಹೊಸ ಲೇಔಟಿನವರು ಕೊಡುತ್ತೇವೆ ಎಂದದ್ದನ್ನು ಮೊದಲು ಬರೆಯುತ್ತೇನೆ. ಮನವಿಯನ್ನು ಹಾಗೇ ಶುರು ಮಾಡಬೇಕು ಅಂತ ಕಲಿಸಿದವಳು ನೀನೇ. ನಮ್ಮ ಕಾಲೊನಿಯಿಂದ ಸ್ಮಶಾನಕ್ಕೆ ದಾರಿ ಬಿಡುತ್ತೇವೆ ಎಂದರು. ಆ ದಾರಿಗೆ ಇಳಿಸೋ ಕಲ್ಲಿನ ರಸ್ತೆ ಅಂತ ಹಳೆಯ ಹೆಸರಿನದೇ ಬೋರ್ಡು ಎಂದರು. ಹೆಣ ಮಣ್ಣು ಮಾಡಿದವರು ಕೈಕಾಲು ತೊಳೆಯಲು ನಲ್ಲಿ ಎಂದರು. ಹೆಣ ಇಳಿಸುವ ಆ ಕಲ್ಲನ್ನು ಮುಟ್ಟುವುದಿಲ್ಲ ಎಂದರು. ನಲ್ಲಿ ಬಂತು, ನೀರು ಬರಲಿಲ್ಲ. ದಾರಿಗೆ ಗೇಟು ಬಿತ್ತು. ಬೋರ್ಡೂ ಬಂತು, ಅದರಲ್ಲಿ ಹೂವಿನ ಹೆಸರಿದೆ. ಕಲ್ಲನ್ನು ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಕಿತ್ತರು.

ತಾತನನ್ನು ಹೊತ್ತುಕೊಂಡು ಹೋದ ದಿನ ನೆನಪಿದೆಯಾ? ಆಗ ಉತ್ತರಹಳ್ಳಿಯಿಂದ ವಸಂತಪುರದವರೆಗೆ ಕಣ್ಣಿಗೆ ಬೀಳುತ್ತಿದ್ದದ್ದು ರಾಗಿ ಹೊಲವೇ. ನಾನು ನಿನ್ನ ಸೆರಗು ಹಿಡಿದುಕೊಂಡಿದ್ದೆ. ಅರ್ಧ ದಾರಿಯಲ್ಲಿ ಆ ಚಪ್ಪಟೆ ಕಲ್ಲಿನ ಮೇಲೆ ಚಟ್ಟ ಇಳಿಸಿದರು. ತಲೆ ಇದ್ದ ಕಡೆ ಕಾಲು ಬರುವಂತೆ ತಿರುಗಿಸಿ ಮತ್ತೆ ಎತ್ತಿದರು. ಯಾಕೆ ಅಂತ ಕೇಳಿದೆ. "ಸತ್ತೋರಿಗೆ ಮನೆ ದಾರಿ ಮರೀಲಿ ಅಂತ ಕಣೆ. ಇಲ್ದಿದ್ರೆ ದೀಪ ಹಚ್ಚೋ ಹೊತ್ಗೆ ವಾಪಸ್ ಬಂದು ಬಾಗ್ಲಲ್ಲಿ ನಿಲ್ತಾರೆ," ಅಂದೆ ನೀನು. ಹೆಂಗಸರು ಆ ಕಲ್ಲಿನಿಂದಲೇ ಹಿಂದಿರುಗಬೇಕಿತ್ತು. ನೀನು ಹಿಂದಿರುಗಲಿಲ್ಲ. "ಹನುಮಕ್ಕಾ, ನಿಲ್ಲು!" ಅಂತ ಗಂಡಸರು ಕೂಗಿದರು. "ನನ್ನಪ್ಪಂಗೆ ಮಣ್ಣು ಹಾಕಕ್ಕೆ ನಿನ್ ಅಪ್ಪಣೆ ಬೇಕೇನೋ?" ಅಂದು ಕಲ್ಲು ದಾಟಿದೆ. ನಮ್ಮಲ್ಲಿ ಆ ಕಲ್ಲು ದಾಟಿದ ಮೊದಲ ಹೆಂಗಸು ನೀನು.

ಜಯನಗರದ ಧರಣಿ ಮುಗಿಸಿ ಬನಶಂಕರಿಯ ಕಡೆಯಿಂದ ನಡೆದು ಬರುವಾಗ ಬೀದಿಬೀದಿಯ ಬೋರ್ಡನ್ನೂ ನನ್ನಿಂದ ಓದಿಸುತ್ತಿದ್ದೆ. ಮೇನು, ಕ್ರಾಸು, ಬ್ಲಾಕು ಬಂದರೆ ನಗುತ್ತಿದ್ದೆ: "ಹೆಸರಿಡಕ್ಕೂ ಸೋಮಾರಿತನ, ಬರೀ ಎಣಿಸವ್ರೆ." ಹುಣಸೆ ತೋಪಿನ ರಸ್ತೆಯಲ್ಲಿ ಹುಣಸೆ ಇಲ್ಲ, ಕೆರೆ ಏರಿ ರಸ್ತೆಯಲ್ಲಿ ಕೆರೆ ಇಲ್ಲ. "ಏನನ್ನ ಕಡಿದ್ರೋ ಅದ್ರ ಹೆಸರನ್ನೇ ಬೋರ್ಡಿಗೆ ಹಾಕ್ತಾರೆ, ಬಾಯಿ ಮುಚ್ಚಿಸಕ್ಕೆ. ನಮಗೆ ಅಷ್ಟೂ ಇಲ್ಲ ನೋಡು," ಅಂದಿದ್ದೆ. ಎಲ್ಲವನ್ನೂ ಬಿಟ್ಟು ಒಂದು ಹೆಸರಿಗಾಗಿ ಯಾಕೆ ಇಷ್ಟು ಗುದ್ದಾಟ ಅಂತ ನಮ್ಮ ಸಂಘಟನೆಯವರೇ ನಿನ್ನನ್ನು ಕೇಳಿದ್ದರು. "ಇವತ್ತು ಹೆಸರು ತೆಗೀತಾರೆ. ನಾಳೆ ಇದು ಸ್ಮಶಾನದ ದಾರಿಯೇ ಅಲ್ಲ ಅಂತಾರೆ. ನಾಡಿದ್ದು ಸ್ಮಶಾನವೇ ಇರ್ಲಿಲ್ಲ ಅಂತಾರೆ. ಎಲ್ಲಿ ಹೂಳ್ತೀರಿ, ನನ್ ತಲೆ ಮೇಲಾ?" ಅಂತ ರೇಗಿದ್ದೆ.

ಕಲ್ಲು ಕಿತ್ತ ಮರುವಾರ ಲೇಔಟಿನ ನಿವಾಸಿಗಳ ಸಂಘದ ಕಾರ್ಯದರ್ಶಿಯ ಮನೆಗೆ ಹೋದೆ. ನಿವೃತ್ತ ಇಂಜಿನಿಯರು, ಜಯನಗರದಲ್ಲೇ ಹುಟ್ಟಿ ಬೆಳೆದವರು, ಮಾತು ಬಹಳ ನಯ. ಕಾಫಿ ಕೊಟ್ಟರು.

"ನೋಡಿ ಮೇಡಂ, ಹೆಣ ಇಳಿಸೋ ಕಲ್ಲಿನ ರಸ್ತೆ ಅಂತ ಅಡ್ರೆಸ್ ಕೊಟ್ರೆ ಫ್ಲಾಟ್ ಯಾರು ತಗೋತಾರೆ? ಪಾರಿಜಾತ ರಸ್ತೆ ಅಂದ್ರೆ ಎಷ್ಟು ಪಾಸಿಟಿವ್ ಆಗಿದೆ!"

"ನಿಮ್ ಬಿಲ್ಡಿಂಗಲ್ಲಿ ಯಾರೂ ಸಾಯಲ್ವಾ ಸಾರ್?"

ಅವರು ಕಾಫಿ ಕಲಕುತ್ತಾ ಕುಳಿತರು. ಕಲ್ಲೆಲ್ಲಿ ಅಂತ ಕೇಳಿದೆ. ಮುಖ ಅರಳಿತು. "ಬಿಸಾಕಿಲ್ಲ ಮೇಡಂ. ಒಳ್ಳೆ ಹಳೇ ಕಲ್ಲು ಅಂತ ಪಾರ್ಕಿನಲ್ಲಿ ಬೆಂಚ್ ಮಾಡಿಸಿದ್ದೀವಿ. ಸೀನಿಯರ್ ಸಿಟಿಜನ್ಸ್ ಕೂತ್ಕೊಳ್ತಾರೆ."

ನಿನಗೆ ಆಗ ಹೇಳಿದ್ದರೆ ಗ್ಲೂಕೋಸ್ ನಳಿಕೆ ಕಿತ್ತುಕೊಂಡು ಬರುತ್ತಿದ್ದೆ. ಅಲ್ಲವಾ?

ನಿನ್ನನ್ನು ಮಣ್ಣು ಮಾಡುವ ದಿನ ಗೇಟಿನಲ್ಲಿ ಅರ್ಧ ಕಾಲೊನಿ ನಿಂತಿತ್ತು. ತಮಟೆ ಬೇಡ, ಹೊತ್ತುಕೊಂಡು ಬರುವುದು ಬೇಡ, ವ್ಯಾನಿನಲ್ಲಾದರೆ ಗೇಟು ತೆಗೆಯುತ್ತೇವೆ ಎಂದರು ಲೇಔಟಿನವರು. ಕಿರುಚಾಡಿದೆವು, ಕುಳಿತೆವು. ಅಷ್ಟರಲ್ಲಿ ಬಿಸಿಲೇರಿತು, ನಿನ್ನನ್ನು ಹಾಗೆ ಇಟ್ಟುಕೊಳ್ಳುವಂತಿರಲಿಲ್ಲ. ವ್ಯಾನಿಗೇ ಹತ್ತಿಸಿದೆವು. ಹೆಣಕ್ಕೂ ಇವರ ಊರಲ್ಲಿ ಎಂಟ್ರಿ ಪಾಸು ಬೇಕು! ಕಲ್ಲಿದ್ದ ಜಾಗ ಬಂದಾಗ ಡ್ರೈವರನ ಭುಜ ತಟ್ಟಿ ನಿಲ್ಲಿಸು ಅಂದೆ. "ಇಲ್ಲೇನೈತಕ್ಕಾ ಇಳಿಸಕ್ಕೆ? ಬರೀ ಟಾರು," ಅಂದ. ವ್ಯಾನು ಸೀದಾ ಹೋಯಿತು. ನಿನ್ನನ್ನು ಇಳಿಸಲಿಲ್ಲ. ತಿರುಗಿಸಲಿಲ್ಲ. ತಲೆ ಮುಂದಾಗಿ, ಮುಖ ಮನೆಯ ದಿಕ್ಕಿಗೇ...

ನಾನು ದೆವ್ವ ನಂಬುವವಳಲ್ಲ. ಅಮಾವಾಸ್ಯೆಯ ದಿನ ಸ್ಮಶಾನದಲ್ಲಿ ಕೂರಿಸಿ ಚಿತ್ರಾನ್ನ ತಿನ್ನಿಸಿ ನನ್ನ ಭಯ ಬಿಡಿಸಿದವಳು ನೀನು. ಆದರೂ ಕೇಳುತ್ತೇನೆ. ನಮ್ಮ ಬೀದಿಯ ಕರಿನಾಯಿ, ನಿನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗುರ್ ಅನ್ನುತ್ತಿದ್ದ ನಾಯಿ, ದೀಪ ಹಚ್ಚುವ ಹೊತ್ತಿಗೆ ಯಾರೂ ಇಲ್ಲದ ಹೊಸ್ತಿಲಿಗೆ ಬಾಲ ಅಲ್ಲಾಡಿಸುತ್ತದೆ. ಯಾಕೆ?

ಹೋದ ತಿಂಗಳು ಪಾರ್ಕಿನ ಹತ್ತಿರ ಹೋಗುತ್ತಿದ್ದಾಗ ಸೆಕ್ಯುರಿಟಿಯವನು ಕರೆದ. ಕಲಬುರಗಿ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದಾನೆ.

"ಅಕ್ಕಾರ, ಒಂದು ಮಾತು ಹೇಳ್ತೀನ್ರಿ, ನಗಬ್ಯಾಡ್ರಿ. ಆ ಬೆಂಚಿನ ಮ್ಯಾಲ ಕುಂತವ್ರು ಎದ್ದು ಮನಿ ಕಡೆ ಹೋಗವಲ್ರು. ಸೀದಾ ಸ್ಮಶಾನದ ಕಡೆ ಹೊಂಟಬಿಡ್ತಾರ. ನಾ ಓಡಿ ಹೋಗಿ ಕರ್ಕೊಂಡು ಬರಬೇಕ್ರಿ."

"ವಯಸ್ಸಾದೋರು ಕಣಪ್ಪ, ಮರೆವು."

"ಮೊನ್ನಿ ಹೋದಾಕಿ ಬ್ಯಾಂಕಿಗೆ ಹೋಗೋ ಹುಡುಗಿ ರೀ. ಮೊಬೈಲ್ ಮಾತಾಡ್ತಾ ಕುಂತಿದ್ಲು. ಅಕಿಗ್ಯಾವ ಮರವು?"

ನಗಲಿಲ್ಲ ಅತ್ತೆ. ಎಷ್ಟು ತಲೆಮಾರಿನವರಿಗೆ ಮನೆ ದಾರಿ ಮರೆಸಿದ ಕಲ್ಲದು! ಅದನ್ನು ತೆಗೆದುಕೊಂಡು ಹೋಗಿ ಕೂರುವ ಬೆಂಚು ಮಾಡಿದ್ದಾರೆ. ಕುಳಿತವರಿಗೆ ಅದು ಇನ್ನೇನು ಮಾಡಬೇಕು?

ಮೊನ್ನೆ ಮುಸ್ಸಂಜೆ ನಿನ್ನ ಗುಂಡಿಯ ಮೇಲೆ ನೀರು ಹಾಕಲು ಕೊಡ ಹೊತ್ತು ಹೋಗಿದ್ದೆ. ಸ್ಮಶಾನದ ಬಾಗಿಲಲ್ಲಿ ಕಾರ್ಯದರ್ಶಿ ನಿಂತಿದ್ದರು. ವಾಕಿಂಗ್ ಶೂ, ಕೈಯಲ್ಲಿ ಫೋನು. ಅದರ ಮ್ಯಾಪಿನಲ್ಲಿ ನೀಲಿ ಚುಕ್ಕೆ ಒಂದೇ ಸಮನೆ ಗಿರಗಿರ ತಿರುಗುತ್ತಿತ್ತು.

"ಮೇಡಂ, ನಮ್ಮನೆ ಎಲ್ಲಿ?" ಅಂದರು. ಮಾತಿನ ನಯವೆಲ್ಲ ಹೋಗಿತ್ತು.

ಕೈ ಹಿಡಿದು ನಡೆಸಿಕೊಂಡು ಬಂದೆ. ಗೇಟಿನ ಬೆಳಕು ಕಂಡ ಮೇಲೆ ಹೇಳಿದರು: "ಪಾರ್ಕಿನ ಬೆಂಚಿಂದ ಎದ್ದೆ, ಒಬ್ರು ಹೆಂಗಸು ಮುಂದೆ ಹೋಗ್ತಾ ಇದ್ರು. ನಮ್ ಬಿಲ್ಡಿಂಗ್ ಕಡೆಯವ್ರೇ ಅಂದ್ಕೊಂಡು ಹಿಂದೆ ಬಂದೆ. ಕೈಯಲ್ಲಿ ವೈರಿನ ಬುಟ್ಟಿ. ಹಸಿರು. ತಿರುಗಿ ನೋಡಿದ್ರು ಮೇಡಂ. 'ಈ ರಸ್ತೆ ಹೆಸರೇನು, ಓದಿ ಹೇಳಪ್ಪ' ಅಂದ್ರು."

ನಿನ್ನ ಹಸಿರು ವೈರಿನ ಬುಟ್ಟಿ. ಒಳಗೆ ಎಲೆಅಡಿಕೆ, ಕರಪತ್ರ. ಎಷ್ಟು ಧರಣಿಗಳಲ್ಲಿ ನಾನೇ ಅದನ್ನು ಹೊತ್ತಿಲ್ಲ? ಈಗ ಅದು ನನ್ನ ಮನೆಯ ಮೊಳೆಯಲ್ಲಿ ನೇತಾಡುತ್ತಿದೆ. ಕಾರ್ಯದರ್ಶಿ ಎಂದೂ ನಮ್ಮ ಮನೆಗೆ ಬಂದವರಲ್ಲ. ಮನೆಗೆ ಹೋಗಿ ಬುಟ್ಟಿಯ ತಳ ಮುಟ್ಟಿ ನೋಡಿದೆ. ಒದ್ದೆ ಮಣ್ಣು...

ಆ ಹೆಂಗಸು ಯಾರು, ಆ ಕಲ್ಲು ಯಾಕೆ ಅಂತೆಲ್ಲ ವಿಚಾರಿಸಿಕೊಂಡು ನಿನ್ನೆ ಬೆಳಿಗ್ಗೆ ಅವರೇ ಕಾಲೊನಿಗೆ ಬಂದರು. ಇಷ್ಟು ವರ್ಷದಲ್ಲಿ ಮೊದಲ ಸಲ. "ಕಲ್ಲು ವಾಪಸ್ ತಗೊಳ್ಳಿ ಮೇಡಂ. ನಿಮ್ ಪದ್ಧತಿ ಪ್ರಕಾರ ಅವರನ್ನ ಇಳಿಸಿ, ತಿರುಗಿಸಿ ಕಳಿಸಿಬಿಡಿ. ಗೇಟ್ ನಾವೇ ತೆಗೀತೀವಿ. ಬೋರ್ಡ್ ವಿಷಯ ಮಾತ್ರ ಬೇಡ." ನಮ್ಮ ಹಿರಿಯರೂ ತಲೆಯಾಡಿಸಿದರು. ಹನುಮಕ್ಕನ ಸೀರೆ, ಫೋಟೋ ಚಟ್ಟದ ಮೇಲಿಟ್ಟು ತಿರುಗಿಸೋಣ, ಪಾಪ, ಅವಳಿಗೂ ನೆಮ್ಮದಿ ಅಂದರು. ನೆಮ್ಮದಿ! ನೀನು ಯಾವತ್ತು ನೆಮ್ಮದಿ ಕೇಳಿದ್ದೆ?

ನಾನು ಹೇಳಿದ್ದು ಇಷ್ಟೇ. ಕಲ್ಲು ಇದ್ದ ಜಾಗಕ್ಕೇ ಬರಬೇಕು. ಗೇಟು ಹೋಗಬೇಕು. ಚಟ್ಟ ಹೊತ್ತು, ತಮಟೆ ಬಡಿದು ಬರುತ್ತೇವೆ, ಹೆಂಗಸರೂ ಹೆಗಲು ಕೊಡುತ್ತಾರೆ. ಕಲ್ಲಿನ ಮೇಲೆ ನಿನ್ನನ್ನು ಇಳಿಸುತ್ತೇವೆ. ತಿರುಗಿಸುವುದಿಲ್ಲ. ಬೋರ್ಡಿನ ಮೇಲೆ ನಮ್ಮ ಹೆಸರು ಬರುವವರೆಗೆ ತಿರುಗಿಸುವುದಿಲ್ಲ.

"ಅಲ್ಲೀವರೆಗೂ ಅವರು ಹೀಗೇ ಓಡಾಡ್ತಾ ಇರ್ತಾರಾ?" ಅಂದರು ಕಾರ್ಯದರ್ಶಿ.

"ಧರಣಿ ಸಾರ್," ಅಂದೆ. "ಅರ್ಧಕ್ಕೆ ಎದ್ದು ಹೋಗಿ ಅಭ್ಯಾಸ ಇಲ್ಲ ಅವಳಿಗೆ."

ನಡೆಯುತ್ತಾ ಇರು ಅತ್ತೆ. ಸಿಕ್ಕವರನ್ನೆಲ್ಲ ನಿಲ್ಲಿಸಿ ಬೋರ್ಡು ಓದಿಸು. ನಮ್ಮ ತಾತನನ್ನು ಕರೆದುಕೊಂಡು ಬಾ, ಆ ಕಲ್ಲಿನ ಮೇಲೆ ದಾರಿ ಮರೆತವರಿಗೆಲ್ಲ ನೀನು ದಾರಿ ತೋರಿಸು. ನಿನಗೊಬ್ಬಳಿಗೇ ಅದು ನೆನಪಿರುವುದು. ಬುಟ್ಟಿಯಲ್ಲಿ ಹೊಸ ಕರಪತ್ರ ಇಟ್ಟಿದ್ದೇನೆ, ಮೊಳೆಯಲ್ಲೇ ಇದೆ, ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಸಭೆ ಕಲ್ಲಿದ್ದ ಜಾಗದಲ್ಲಿ. ಬರುವ ಭಾನುವಾರ, ಸಂಜೆ ಆರು ಗಂಟೆ.