ಅರೆತಲೆನೋವಿಗೆ ಹಾಕಿದ ಹೊಗೆ

ತಗಡೂರು
12-7-2025

ರಂಜಿನಿಗೆ,

ನನ್ನ ಕೈಲಿ ಪೆನ್ನು ಹಿಡಿಸಿದೆಯಲ್ಲ, ಸಮಾಧಾನವಾಯಿತಾ? ಫೋನ್ ಮಾಡಿದರೆ ಹೋಗುವುದಿಲ್ಲ. ನನ್ನ ನಂಬರ್ ಬ್ಲಾಕ್ ಮಾಡಿದ್ದೀಯಂತೆ. ನಿನ್ನ ಹೆಂಡತಿಗೆ ನೀನೇ ಹೇಳೋ ಅಂತ ಮಾದೇಶನಿಗೆ ಅಂದರೆ, "ಮಾಡಿದ್ದು ನೀನು, ನೀನೇ ಯೋಳ್ಕೊ ಓಗವ್ವ" ಅಂದು ಶಿಫ್ಟಿಗೆ ಹೋದ. ನಾಲ್ಕು ಸಾಲಿಗೇ ಬೆರಳು ಸೆಟೆದುಕೊಂಡವು. ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವ ಹಾಗಿದ್ದಿದ್ದರೆ ಈ ಕಷ್ಟ ಯಾರಿಗೆ ಬೇಕಿತ್ತು.

ನಿನ್ನ ಮಗಳು ನಯನಳಿಗೆ ನಿನ್ನದೇ ತಲೆನೋವು ಬಂದಿದೆ.

ಸೋಮವಾರ ಬೆಳಗ್ಗೆ ಎದ್ದಾಗಿನಿಂದ ಒಂದೇ ಸಮನೆ ಆಕಳಿಸುತ್ತಿದ್ದಳು. ಟಿವಿ ನೋಡಿ ನಿದ್ದೆಗೆಟ್ಟಿದ್ದಾಳೆ ಅಂತ ಬೈದು ಸ್ಕೂಲಿಗೆ ಕಳಿಸಿದೆ. ಹನ್ನೊಂದು ಗಂಟೆಗೆ ಟೀಚರೇ ಮನೆಗೆ ಕರೆತಂದರು. ಕಣ್ಣೆದುರು ಗರಗಸದ ಹಲ್ಲಿನ ಹಾಗೆ ಬೆಳಕು ಕುಣಿಯುತ್ತದಂತೆ. ಟೀಚರ ಮುಖದಲ್ಲಿ ಒಂದು ಕಡೆ ಕಾಣಿಸಲೇ ಇಲ್ಲವಂತೆ. ಸ್ವಲ್ಪ ಹೊತ್ತಿಗೆ ಬೆಳಕು ಹೋಯಿತು, ಎಡಗಣ್ಣಿನ ಹಿಂದೆ ಒನಕೆಯಲ್ಲಿ ಕುಟ್ಟಿದ ಹಾಗೆ ನೋವು ಶುರುವಾಯಿತು. ಒಗ್ಗರಣೆ ವಾಸನೆಗೆ ಮೂಗು ಮುಚ್ಚಿಕೊಂಡಳು. ಮಿಕ್ಸಿ ಸದ್ದಿಗೆ ಅತ್ತಳು. ಕಿಟಕಿ ಹಾಕು ಅಂತ ಗೋಗರೆದಳು. ನೀನೂ ಹೀಗೇ ಗೋಗರೆಯುತ್ತಿದ್ದೆ. ಕೆಲಸ ತಪ್ಪಿಸುವ ಕಳ್ಳಾಟ ಅನ್ನುತ್ತಿದ್ದೆ ನಾನು.

ನನಗೆ ಬುದ್ಧಿ ಎಲ್ಲಿ ಬರುತ್ತದೆ. ಕೈ ಹಳೇ ಕೆಲಸಕ್ಕೇ ಹೋಯಿತು. ದೃಷ್ಟಿ ತಗುಲಿದೆ ಅಂತ ತಟ್ಟೆಗೆ ಕೆಂಡ ಹಾಕಿ, ಸಾಂಬ್ರಾಣಿ, ಒಣಮೆಣಸಿನಕಾಯಿ ಸುರಿದು ತಂದೆ. ತಟ್ಟೆ ಕಂಡಿದ್ದೇ ತಡ, ಮಗು ಎದ್ದು ಗೋಡೆಗೆ ಆತುಕೊಂಡಿತು. "ಒಗೆ ಬ್ಯಾಡ ಕಣಜ್ಜಿ, ನಾನೇ ವಾಂತಿ ಮಾಡ್ಕತೀನಿ" ಅಂದವಳೇ ಎರಡು ಬೆರಳು ಗಂಟಲಿಗೆ ತುರುಕಿಕೊಂಡಳು. ಕೈ ಹಿಡಿದು ಎಳೆದೆ. ಇದನ್ನು ಯಾರೇ ಕಲಿಸಿದ್ದು ಅಂತ ಗದರಿದೆ.

"ಅವ್ವ ಇಂಗೇ ಮಾಡ್ತಿದ್ಲು. ವಾಂತಿ ಆದ್ರೆ ದಿಷ್ಟಿ ಓಯ್ತು ಅಂತ ನೀನು ಬುಟ್ಬುಡ್ತೀಯಲ್ಲ."

ಕೇಳಿದೆಯಾ? ಇಷ್ಟು ವರ್ಷ ನೀನು ವಾಂತಿ ಮಾಡಿ ಮಲಗಿದ ಮೇಲೆ ಬೀದಿಯಲ್ಲಿ ನಿಂತು ನನ್ನ ಕೈಗುಣ ಹೇಳಿಕೊಂಡಿದ್ದೇನೆ. ಪಕ್ಕದ ಬೀದಿಯವರ ಮನೆಗೂ ಕರೆದ ಕೂಡಲೇ ಹೋಗಿ ಹೊಗೆ ಹಾಕಿ ಬಂದಿದ್ದೇನೆ.

ಕೆಂಡಕ್ಕೆ ನೀರು ಹುಯ್ದೆ. ಬುಧವಾರ ನಂಜನಗೂಡಿನ ಡಾಕ್ಟರಮ್ಮನಿಗೆ ತೋರಿಸಿದೆ. ಮೈಗ್ರೇನ್ ಅಂದರು, ಅರೆತಲೆನೋವು. ಹೊಗೆ, ಘಾಟು, ಹಸಿದುಕೊಂಡಿರುವುದು, ಎಲ್ಲ ಅದನ್ನು ಕೆರಳಿಸುತ್ತವಂತೆ. ಸೂಚನೆ ಕಂಡ ಕೂಡಲೇ ಗುರುತು ಹಿಡಿದು ಮಾತ್ರೆ ಕೊಡಬೇಕಂತೆ. ಗುರುತು ಹಿಡಿಯುವುದು ಹೇಗೆ? ಮಗು ನನಗೆ ಹೇಳುವುದೇ ಇಲ್ಲ. ನಿನ್ನೆ ಮತ್ತೆ ಬಂತು. ಹುಡುಕಿದರೆ ಹುಲ್ಲಿನ ಮೆದೆ ಹಿಂದೆ ಬಾಯಿಗೆ ಲಂಗ ತುರುಕಿಕೊಂಡು ಕೂತಿದ್ದಳು. ನನ್ನನ್ನು ಕಂಡು, "ನಂಗೇನೂ ಆಗಿಲ್ಲ ಕಣಜ್ಜಿ" ಅಂತ ನಕ್ಕಳು. ಹನ್ನೊಂದು ವರ್ಷದ ಮಗು ನನಗೆ ಹೆದರಿ ನಕ್ಕಿತು.

ಸಂಕ್ರಾಂತಿ ದಿನ ಕೆಂಡದ ತಟ್ಟೆ ಮೇಲೆ ನಿನ್ನ ತಲೆ ಅದುಮಿ ಹಿಡಿದವಳು ನಾನು. ಕೊಸರಾಡಿ ತಾನೇ ಕೆನ್ನೆ ಸುಟ್ಟುಕೊಂಡಳು ಅಂತ ಎಲ್ಲರಿಗೂ ಹೇಳಿದೆ. ಮಾರನೆಯ ದಿನ ನೀನು ತಲಕಾಡಿನ ತವರಿಗೆ ಹೊರಟಾಗ ಮಗುವನ್ನು ಕೋಣೆಗೆ ದಬ್ಬಿ ಚಿಲಕ ಹಾಕಿದೆ. ಮಗು ಬಿಟ್ಟು ಹೋದ ಹೆಂಗಸು ಅಂತ ಊರಿಗೆಲ್ಲ ಸಾರಿದ್ದೂ ನಾನೇ. ಕ್ಷಮಿಸು ಅಂತ ಬರೆಯುವುದಕ್ಕೆ ನನಗೆ ಬರುವುದಿಲ್ಲ. ಬರೆದರೆ ಕೆನ್ನೆ ಮೇಲಿನ ಕಲೆ ಹೋಗುವುದೂ ಇಲ್ಲ.

ಇಪ್ಪತ್ಮೂರನೇ ತಾರೀಖು ಬುಧವಾರ ಡಾಕ್ಟರಮ್ಮ ಮತ್ತೆ ಬರಹೇಳಿದ್ದಾರೆ. ನೀನೂ ಬಾ. ಅಲ್ಲಿಂದ ಹಾಗೇ ಮಗುವನ್ನು ತಲಕಾಡಿಗೆ ಕರೆದುಕೊಂಡು ಹೋಗು. ಬಟ್ಟೆ, ಪುಸ್ತಕ ಕಟ್ಟಿ ತರುತ್ತೇನೆ. ಮಾದೇಶ ಅಡ್ಡ ಬಂದರೆ ಅವನನ್ನು ನಾನು ವಿಚಾರಿಸಿಕೊಳ್ಳುತ್ತೇನೆ.

ನಿನ್ನ ಗಂಡನ ತಾಯಿ,
ಸಾಕಮ್ಮ

ಇನ್ನೊಂದಿದೆ. ಮನೆಯಲ್ಲಿ ಯಾರಿಗಾದರೂ ಈ ನೋವು ಇದೆಯಾ ಅಂತ ಡಾಕ್ಟರಮ್ಮ ಕೇಳಿದರು. ತಾಯಿ ಕಡೆಯಿಂದ ಬಂದದ್ದು, ನಮ್ಮ ಕಡೆ ಯಾರಿಗೂ ಇಲ್ಲ ಅಂದೆ. ಸುಳ್ಳು. ಮೈನೆರೆದಾಗಿನಿಂದ ನನಗೂ ಇದೆ, ಅದೇ ಬೆಳಕು, ಅದೇ ಕುಟ್ಟು. ಮೊನ್ನೆ ಗುರುವಾರವೂ ಮಂಡಿನೋವು ಅಂತ ಹೇಳಿ ಕೊಟ್ಟಿಗೆಯಲ್ಲಿ ಮಲಗಿದ್ದೆ. ತಟ್ಟೆಯಲ್ಲಿ ಅರ್ಧ ಅನ್ನ ಕಾಣಿಸುತ್ತಿಲ್ಲ ಅತ್ತೆ ಅಂತ ಹೊಸದರಲ್ಲಿ ನೀನು ಹೇಳಿದ ದಿನವೇ ನನಗೆ ಗೊತ್ತಾಯಿತು, ಇದು ನಾಟಕವಲ್ಲ ಅಂತ. ನಾನು ಬಾಯಿ ಮುಚ್ಚಿಕೊಂಡು ನಾಟಿಗೆ ಹೋಗಲಿಲ್ಲವಾ, ಇವಳಿಗೇಕೆ ಮಲಗುವ ಭಾಗ್ಯ ಅನ್ನಿಸಿತು. ನನಗೆ ಬಂದಾಗ ಮಾತ್ರ ಒಂದು ದಿನವೂ ಹೊಗೆ ಹಾಕಿಕೊಳ್ಳಲಿಲ್ಲ. ಬುಧವಾರ ಇದನ್ನು ಡಾಕ್ಟರಮ್ಮನ ಎದುರು ನಾನೇ ಹೇಳುತ್ತೇನೆ, ನೀನು ಕೂತು ಕೇಳು. ಬರುತ್ತೀಯೋ ಇಲ್ಲವೋ, ಇಪ್ಪತ್ತನೇ ತಾರೀಖಿನೊಳಗೆ ನನಗೆ ಉತ್ತರ ಬರಬೇಕು.