ಬೇಗಂಳನ್ನು ಕಟ್ಟಡದಿಂದ ಹೊರಹಾಕುವ ಕುರಿತು

ಕಟ್ಟಡದ ಮ್ಯಾನೇಜರ್ ಸಾಹೇಬರೇ,

ಶುಕ್ರವಾರದೊಳಗೆ ನಾಯಿಯನ್ನು ಹೊರಗೆ ಹಾಕದಿದ್ದರೆ ಫ್ಲ್ಯಾಟ್ ಖಾಲಿ ಮಾಡಬೇಕು ಎಂದು ನೀವು ನನ್ನ ಬಾಗಿಲಿಗೆ ಅಂಟಿಸಿದ ನೋಟಿಸ್ ತಲುಪಿದೆ. ಒಳ್ಳೆಯ ಅಂಟು, ಕೀಳುವಾಗ ಬಾಗಿಲಿನ ಬಣ್ಣವೂ ಜೊತೆಗೇ ಬಂತು. ನಿಮ್ಮ ಕಚೇರಿಗೆ ಬಂದು ತಗ್ಗಿದ ದನಿಯಲ್ಲಿ ಉತ್ತರಿಸಬಹುದಿತ್ತು. ಆದರೆ ನೀವು ಇಡೀ ಮಹಡಿಗೆ ಓದಿಸಿದಿರಿ, ಆದ್ದರಿಂದ ನಾನೂ ಇದನ್ನು ದುಬೈಯ ನಮ್ಮ ಕರಾವಳಿಯವರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೇನೆ. ಆ ಗುಂಪಿನಲ್ಲಿ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಹೇಳುವವರು ನೀವೇ ಅಲ್ಲವೇ?

ನೋಟಿಸಿನಲ್ಲಿ ‘ಶಬ್ದ ಮಾಲಿನ್ಯ’ ಎಂದು ಬರೆದಿದ್ದೀರಿ. ಬೇಗಂ ನನ್ನ ಮನೆಗೆ ಬಂದ ಮೇಲೆ ಒಮ್ಮೆಯೂ ಬೊಗಳಿಲ್ಲ. ಬೊಗಳಲಿ ಎಂದು ನಾವೇ ಹರಕೆ ಹೇಳಿಕೊಂಡಿದ್ದೇವೆ. ಮೂರನೇ ಮಹಡಿಯ ಗಿಳಿಯಾದರೋ ಬಾಲ್ಕನಿಯಲ್ಲಿ ಕುಳಿತು ನಿಮ್ಮನ್ನು ಹೆಸರು ಹಿಡಿದು ಕರೆದು ಶುದ್ಧ ಹಿಂದಿಯಲ್ಲಿ ಬೈಯುತ್ತದೆ. ನಮ್ಮ ಬರ್ ದುಬೈ ಬಡಾವಣೆಯ ಅರ್ಧ ಗಲ್ಲಿಗಳಿಗೆ ಅದು ಕೇಳಿಸುತ್ತದೆ. ಅದಕ್ಕೆ ನೋಟಿಸ್ ಏಕಿಲ್ಲ? ಬೈಯುವವರಿಗೆ ವಿನಾಯಿತಿ ಇದೆ ಎಂದಾದರೆ ದಯವಿಟ್ಟು ತಿಳಿಸಿ, ನಾನೂ ಅರ್ಹಳೇ.

ಬೇಗಂ ಯಾರು ಎಂದು ನೀವು ಕೇಳಲೇ ಇಲ್ಲ, ಆದ್ದರಿಂದ ಹೇಳುತ್ತೇನೆ. ಜೆಬೆಲ್ ಅಲಿಯ ಒಂದು ಗೋದಾಮಿನ ಲಾರಿ ಅಂಗಳದಲ್ಲಿ ಹುಟ್ಟಿದವಳು. ಉದ್ದ ಕಾಲು, ಮರಳಿನ ಬಣ್ಣ. ಅನ್ನ ಹಾಕಿದರೆ ಓಡಿ ಬರುತ್ತಿರಲಿಲ್ಲ, ತಂದು ಮುಂದಿಡುವವರೆಗೆ ಕುಳಿತೇ ಇರುತ್ತಿದ್ದಳು. ಅದಕ್ಕೇ ಅಲ್ಲಿಯವರು ಆ ಹೆಸರಿಟ್ಟರು. ಅವಳ ಜೊತೆ ಹುಟ್ಟಿದ ಇನ್ನೊಂದು ಮರಿ ಹಿಂದಕ್ಕೆ ಬರುತ್ತಿದ್ದ ಟ್ರೈಲರಿನ ಚಕ್ರಕ್ಕೆ ಸಿಕ್ಕಿತು. ಆಗ ಅಲ್ಲಿಯ ಸೂಪರ್‌ವೈಸರ್, ನಮ್ಮ ಉಳ್ಳಾಲದ ತೌಫೀಕ್, ನಾನು ನಾಯಿಗಳಿಗೆ ಮನೆ ಹುಡುಕುವವರ ತಂಡದಲ್ಲಿದ್ದೇನೆಂದು ಯಾರಿಂದಲೋ ತಿಳಿದು ಫೋನ್ ಮಾಡಿದ. ನಾಯಿಯ ಎಂಜಲು ತಾಗಿದರೆ ಏಳು ಸಲ ತೊಳೆಯಬೇಕು ಎನ್ನುವ ಮನೆಯ ಹುಡುಗ. ನಾನು ಹೋದಾಗ ಬೇಗಂಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬಾಟಲಿಯಿಂದ ನೀರು ಹೊಯ್ಯುತ್ತಿದ್ದ.

“ನಿನಗೆ ತೊಂದರೆ ಆಗುವುದಿಲ್ವಾ ತೌಫೀಕ್?” ಎಂದೆ.

“ತಾಗಿದ್ರೆ ತೊಳೆದ್ರಾಯ್ತು ಅಕ್ಕ. ಈ ಸೆಕೆಗೆ ನೀರು ಕೊಡದೆ ಇರ್ಲಿಕ್ಕೆ ಆಗ್ತದಾ?”

ನಿಮಗೆ ಅಂಥ ಕಟ್ಟುಪಾಡೂ ಇಲ್ಲ. ಊರಿನಲ್ಲಿ ನಿಮ್ಮ ಮನೆಯ ಅಂಗಳದಲ್ಲಿ ಎರಡು ನಾಯಿಗಳಿವೆ. ನಾನು ಹೇಗೆ ಬಲ್ಲೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕೆಲಸ ಹೀಗೆ ನಡೆಯುತ್ತದೆ. ಇಲ್ಲಿ ಸಾಕುವವರು ಸಿಗದ ನಾಯಿಗೆ ಹೊರದೇಶದಲ್ಲಿ ಮನೆ ಹುಡುಕುತ್ತೇವೆ. ಬೇಗಂಗೆ ಫ್ರಾಂಕ್‌ಫರ್ಟ್ ಹತ್ತಿರದ ಹಳ್ಳಿಯೊಂದರಲ್ಲಿ ಅಂಚೆ ಹಂಚುವ ಹೆಂಗಸೊಬ್ಬಳು ಸಿಕ್ಕಿದ್ದಾಳೆ. ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡುತ್ತಾಳೆ, ಬೇಗಂ ಫೋನ್ ನೆಕ್ಕುತ್ತಾಳೆ. ಲಸಿಕೆ, ಮೈಕ್ರೋಚಿಪ್, ಪಾಸ್‌ಪೋರ್ಟ್ ಎಲ್ಲ ಆಗಿದೆ. ಇನ್ನು ಬೇಕಾದ್ದು ಆ ಊರಿಗೆ ಹೋಗುವ ಒಬ್ಬ ಪ್ರಯಾಣಿಕ, ಅವರ ಟಿಕೆಟಿನ ಜೊತೆ ನಾಯಿಯೂ ಹೋಗುತ್ತದೆ. ಇಂಥವರನ್ನು ಹುಡುಕಲು ಬೇರೆಯವರು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನನಗೆ ಕಷ್ಟವಿಲ್ಲ. ವಿಮಾನ ಹತ್ತುವವರ ಕೈಯಲ್ಲಿ ಪಾರ್ಸೆಲ್ ಕೊಡುವುದು, ಕೊಟ್ಟದ್ದನ್ನು ಬೇಡ ಎನ್ನದಿರುವುದು, ಬೈಬಲಿನ ಹತ್ತು ಆಜ್ಞೆಗಳ ಮೇಲೆ ಗಲ್ಫಿನಲ್ಲಿ ನಮ್ಮ ಕರಾವಳಿಯವರ ಹನ್ನೊಂದನೇ ಆಜ್ಞೆ.

ಆ ಆಜ್ಞೆಯಿಂದಲೇ ಕೆಲಸ ಕೆಟ್ಟದ್ದೂ ಹೌದು. ಹೋದ ವಾರ ನಮ್ಮ ಗುಂಪಿನ ಎಮಿಲಿಯಾ ಬಾಯಿ ಮಗಳ ಬಾಣಂತನಕ್ಕೆಂದು ಫ್ರಾಂಕ್‌ಫರ್ಟಿಗೆ ಹೊರಟಿದ್ದರು. ಬೇಗಂಳನ್ನು ಒಯ್ಯಲು ಸಂತೋಷದಿಂದ ಒಪ್ಪಿದರು. ವಿಮಾನ ನಿಲ್ದಾಣದಲ್ಲಿ ಅವರ ಸೂಟ್‌ಕೇಸ್ ತೂಕ ಮೀರಿತು. ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಮಗಳಿಗೆಂದು ತಂದ ಒಣ ಸಿಗಡಿ, ಹಂದಿ ಮಾಂಸಕ್ಕೆ ಹಾಕುವ ಬಫಾತ್ ಪುಡಿಯ ಪೊಟ್ಟಣ ಎಲ್ಲವನ್ನೂ ನಾಯಿಯ ಪೆಟ್ಟಿಗೆಯೊಳಗೆ ಹಾಸಿಗೆಯ ಅಡಿಗೆ ತುರುಕಿದ್ದರು. ಬೇಗಂಗೆ ಸಿಗಡಿಯ ವಾಸನೆ ಸಿಕ್ಕಿತು, ಕೆದಕಿದಳು, ಪುಡಿಯ ಪೊಟ್ಟಣ ಒಡೆಯಿತು. ಕೌಂಟರಿಗೆ ಬಂದಾಗ ಮೂತಿ ಕೆಂಪು, ಕಣ್ಣಲ್ಲಿ ನೀರು, ಸೀನಿನ ಮೇಲೆ ಸೀನು. ರೋಗದ ಪ್ರಾಣಿಯನ್ನು ಹತ್ತಿಸಲಾಗದು ಎಂದರು. ಎಮಿಲಿಯಾ ಬಾಯಿಗೆ ಪಾಪ, ಅರ್ಥವೇ ಆಗಲಿಲ್ಲ. “ಅಷ್ಟು ದೊಡ್ಡ ಪೆಟ್ಟಿಗೆ ಮಾರಾಯ್ತಿ, ಜಾಗ ಸುಮ್ಮನೆ ಹಾಳಾಗ್ತದಲ್ಲ ಅಂತ ಇಟ್ಟದ್ದು” ಎಂದರು. ಅವರು ಹೋದರು, ನಾಯಿ ವಾಪಸು ಬಂತು, ಮರುದಿನ ನಿಮ್ಮ ನೋಟಿಸ್ ಬಂತು.

ಶುಕ್ರವಾರ ಅವಳನ್ನು ಎಲ್ಲಿ ಬಿಡಲಿ? ಬೇಸಿಗೆಯಲ್ಲಿ ದೇಶ ಬಿಡುವವರು ಸೋಫಾವನ್ನು ಮಾರಿ ನಾಯಿಯನ್ನು ಬೀದಿಗೆ ಬಿಡುತ್ತಾರೆ, ನಮ್ಮ ತಂಡದ ಮನೆಗಳೆಲ್ಲ ತುಂಬಿಹೋಗಿವೆ. ಉಳಿದದ್ದು ಅದೇ ಲಾರಿ ಅಂಗಳ. ಮನೆಯ ನೆಲದಲ್ಲಿ ಕಾಲು ಚಾಚಿ ಮಲಗಲು ಕಲಿತವಳು ಈಗ ಲಾರಿಯ ಅಡಿಯ ನೆರಳಲ್ಲೂ ಹಾಗೇ ಮಲಗಿಬಿಡುತ್ತಾಳೆ. ನನಗೆ ಹೆದರಿಕೆಯಾಗುತ್ತಿದೆ ಸಾಹೇಬರೇ, ಇದರಲ್ಲಿ ವ್ಯಂಗ್ಯವೇನೂ ಇಲ್ಲ. ನೀವು, ನಾನು, ಆ ಗಿಳಿ, ಎಲ್ಲರೂ ಇಲ್ಲಿಗೆ ಬಂದವರು. ಈ ಕಟ್ಟಡದಲ್ಲಿ ಈ ಮಣ್ಣಿನಲ್ಲೇ ಹುಟ್ಟಿದವಳು ಬಹುಶಃ ಅವಳೊಬ್ಬಳೇ, ಇರಲು ಜಾಗವಿಲ್ಲದವಳೂ ಅವಳೊಬ್ಬಳೇ.

ಈಗ ಆ ಎರಡು ನಾಯಿಗಳ ವಿಷಯ. ಪ್ರತಿ ರಜೆಯಲ್ಲೂ ನಿಮ್ಮ ಪಾರ್ಸೆಲ್ ಹೊತ್ತು ಮಂಗಳೂರಿನ ಕುಲಶೇಖರದ ನಿಮ್ಮ ಮನೆಗೆ ಹೋದವಳು ನಾನು. ನಿಮ್ಮ ತಾಯಿಗೆ ಕಂಬಳಿ, ತಂಗಿಗೆ ಮಿಕ್ಸಿ, ಒಂದು ಸಲ ಬಚ್ಚಲುಮನೆಯ ಶವರ್. ನನ್ನ ಸ್ವಂತ ಚೀಲ ಬಿಟ್ಟು ಅದನ್ನು ಒಯ್ದಿದ್ದೇನೆ. ‘ಇದೇನು’ ಎಂದು ನಿಮ್ಮನ್ನು ಕೇಳಿದವಳಲ್ಲ.

ನಿನ್ನೆ ನಮ್ಮ ಗುಂಪಿನಲ್ಲಿ ಗುಲಾಬಿ ಹೂವಿನ ಕೆಳಗೆ ನೀವೇ ಬರೆದಿರಿ: “ಮುಂದಿನ ಬುಧವಾರ ಮಗನನ್ನು ನೋಡಲು ಫ್ರಾಂಕ್‌ಫರ್ಟಿಗೆ ಹೋಗುತ್ತಿದ್ದೇನೆ. ಯಾರಿಗಾದರೂ ಸಣ್ಣಪುಟ್ಟ ಕಳಿಸಲಿಕ್ಕಿದ್ದರೆ ಹೇಳಿ, ಜಾಗ ಉಂಟು.” ಬೇಲಿಯಲ್ಲಿ ಹೋಗುವ ಓತಿಕ್ಯಾತವನ್ನು ಕರೆದು ಮೈಮೇಲೆ ಬಿಟ್ಟುಕೊಂಡೆನಲ್ಲ ಎಂದು ಈಗ ಅನಿಸುತ್ತಿರಬಹುದು. ಅಳಿಸಿ ಪ್ರಯೋಜನವಿಲ್ಲ, ಗುಂಪಿನವರೆಲ್ಲ ಓದಿಯಾಗಿದೆ.

ನನ್ನ ಬೇಡಿಕೆ ಇಷ್ಟೆ. ನೋಟಿಸಿನ ಶುಕ್ರವಾರವನ್ನು ಮುಂದಿನ ಬುಧವಾರ ಮಾಡಿ. ಆ ದಿನ ನಾನೂ ತೌಫೀಕನೂ ಪೆಟ್ಟಿಗೆ ಹಿಡಿದು ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತಿರುತ್ತೇವೆ. ಒಳಗೆ ನಾಯಿ, ಹಾಸಿಗೆ, ನೀರು ಮಾತ್ರ. ನಾಯಿಯನ್ನು ಈ ಕಟ್ಟಡದಿಂದ ಹೊರಗೆ ಹಾಕಲೇಬೇಕು ಎಂಬುದು ನಿಮ್ಮ ಆದೇಶ ತಾನೇ? ಹಾಕಿ ಸಾಹೇಬರೇ, ನಿಮ್ಮ ಕೈಯಾರೆ ಹಾಕಿ. ಫ್ರಾಂಕ್‌ಫರ್ಟಿನವರೆಗೆ.

ಇಂತಿ,
ನಿಮ್ಮ ಶವರನ್ನು ಮಡಿಲಲ್ಲಿಟ್ಟುಕೊಂಡು ಮಂಗಳೂರಿನವರೆಗೆ ಕುಳಿತಿದ್ದವಳು,
ವೆಲಿಟಾ, ಬಣ್ಣ ಕಿತ್ತ ಬಾಗಿಲಿನ ಮನೆ