ಪೊಟ್ಯಾಶ್ ಹೆಚ್ಚಾದ ಸುಗ್ಗಿ

ಪ್ರೀತಿಯ ಅಪ್ಪಾ,

ಐಗಳಿಯ ನಮ್ಮ ಶೆಡ್ಡಿನಲ್ಲಿ ಈ ಸಲ ಅವ್ವನೇ ದ್ರಾಕ್ಷಿ ಒಣಗಿಸಿದಳು. ಚೆನ್ನಾಗಿ ಬಂದಿದೆ. ನೀನು ತೀರಿಹೋದಾಗ ನನ್ನ ಪಿಯುಸಿ ಇನ್ನೂ ಮುಗಿದಿರಲಿಲ್ಲ. ಇವಳು ವಿಜ್ಞಾನದಲ್ಲಿ ನಿಲ್ಲುತ್ತಾಳೋ ಇಲ್ಲವೋ ಅನ್ನುವ ಚಿಂತೆ ನಿನ್ನ ಜೊತೆಗೇ ಹೋಯಿತೇನೋ ಅಂತ...

ಹೋದ ವರ್ಷದ ಸುಗ್ಗಿ ನೆನಪಿದೆಯಾ? ಬೇಗ ಒಣಗಲೆಂದು ದ್ರಾಕ್ಷಿ ಅದ್ದುವ, ಪೊಟ್ಯಾಶ್ ಮತ್ತು ಎಣ್ಣೆ ಬೆರೆಸಿದ ನೀರನ್ನು ನೀನು ಎರಡು ಬೆರಳಲ್ಲಿ ಉಜ್ಜಿ, ಸಾಕು ಅನ್ನುತ್ತಿದ್ದೆ. ನಾನು ಲ್ಯಾಬಿನಿಂದ ತಂದ, ಕ್ಷಾರ ಅಳೆಯುವ ಬಣ್ಣದ ಕಾಗದ ಅದ್ದಿ, ದೊಡ್ಡ ಪಂಡಿತಳ ಹಾಗೆ ಇನ್ನೆರಡು ಬೊಗಸೆ ಪೊಟ್ಯಾಶ್ ಸುರಿಸಿದೆ. ಕಾಗದ ಹಳೆಯದು, ತೇವ ಹಿಡಿದು ತಪ್ಪು ಬಣ್ಣ ತೋರಿಸಿತ್ತು. ಅರ್ಧ ಶೆಡ್ಡಿನ ಹಣ್ಣು ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿತು. ತುಂಬಿದ ಕೊಡ ತುಳುಕುವುದಿಲ್ಲ ಅಂತಾರೆ. ನಾನಾಗ ಕಾಲು ಕೊಡ.

ಪುಸ್ತಕ ಕಟ್ಟಿಟ್ಟು, "ಸೈನ್ಸ್ ನನ್ನ ಕೈಲೆ ಆಗಂಗಿಲ್ಲಪಾ, ಆರ್ಟ್ಸಿಗೆ ಹೊಕ್ಕೀನಿ" ಅಂದೆ. ನೀನು ಬೈಯಲಿಲ್ಲ. ಬೈದಿದ್ದರೆ ಎಷ್ಟು ಸುಲಭವಿತ್ತು!

"ನಾನೂ ಮೊದಲನೇ ಸಲ ಇಡೀ ಶೆಡ್ ಕರ್ರಗ ಮಾಡೀನಿ. ಎಷ್ಟ ಹಾಕಿದ್ದೆ ಅಂತ ಬರದಿಟ್ಟಿರಲಿಲ್ಲ, ಮರುವರ್ಷನೂ ಕೆಡ್ತು. ನೀ ಬರದಿಟ್ಟೀಯಲ್ಲ? ಮತ್ಯಾಕ ಅಳಾಕತ್ತೀ ಬೇ?" ಅಂದೆ ನೀನು, ಬಕೆಟ್ ತೊಳೆಯುತ್ತ. ಮರುದಿನ ನೀನೇ ಬೈಕಿನಲ್ಲಿ ಅಥಣಿಯ ಕಾಲೇಜಿಗೆ ಬಿಟ್ಟು ಬಂದೆ.

ಪಿಯುಸಿ ಮುಗಿದ ಮೇಲೆ, ಪದವಿ ಸೀಟಿನಲ್ಲಿ ರೈತರ ಮಕ್ಕಳಿಗಿರುವ ಕೋಟಾಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ ಇತ್ತು. ಬೀಜ, ಗೊಬ್ಬರ, ಸಲಕರಣೆ ನೋಡಿ ಗುರುತಿಸಬೇಕು. ಹೊರಗೆ ಪಟ್ಟಣದ ಹುಡುಗಿಯೊಬ್ಬಳು ಬೀಜಗಳ ಚಿತ್ರ ನೋಡಿ ಬಾಯಿಪಾಠ ಮಾಡುತ್ತಿದ್ದಳು. ನಾನು ಒಳಗೊಳಗೇ ನಕ್ಕೆ. ಆಮೇಲೆ ಒಳಗೆ ಹೋಗಿ ಸಾವೆ ಕಾಳಿಗೆ ನವಣೆ ಅಂತ ಬರೆದು ಬಂದೆ. ನಮ್ಮ ಹೊಲದಲ್ಲಿ ದ್ರಾಕ್ಷಿ ಬಿಟ್ಟು ಬೇರೇನಾದರೂ ಬೆಳೆದಿದ್ದೀಯಾ ನೀನು? ಉಳಿದವೆಲ್ಲ ಸರಿಯಾದವು.

ಸೀಟು ಸಿಕ್ಕಿತು, ಅಪ್ಪಾ. ಆಹಾರ ತಂತ್ರಜ್ಞಾನ, ನಾಲ್ಕು ವರ್ಷ. ಖುಷಿಯಾಗಿದ್ದೇನೆ.

ಹೋದ ವಾರ ಪ್ರವೇಶಕ್ಕೆ ಅವ್ವನೂ ಬಂದಿದ್ದಳು. ಗುಮಾಸ್ತರು ಅರ್ಜಿ ತುಂಬುತ್ತ ತಂದೆಯ ಉದ್ಯೋಗ ಕೇಳಿದರು. ರೈತರು, ಅಂದೆ. ಹೊಸಬರ ಮುಂದೆ ಬಾಯಿ ಬಿಡದ ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಅಷ್ಟ ಬರೀಬ್ಯಾಡ್ರಿ. ಇಕಿಗೆ ಕೆಮಿಸ್ಟ್ರಿ ಕಲಿಸಿದಾವ್ರೂ ಅವ್ರ ರೀ."

ಗುಮಾಸ್ತರು ಪೆನ್ನು ಹಿಡಿದು ನನ್ನ ಮುಖ ನೋಡಿದರು.

"ಹೌದ್ರಿ" ಅಂದೆ.

ನಿನ್ನ ಮಗಳು